ಅತ್ತೆಯನ್ನು ಕೂರಿಸಬೇಡಿ, ಹೊಸ್ತಿಲಿಗೆ ಬಣ್ಣ ಹಚ್ಚಿ

ಪ್ರಶ್ನೆ: ನಮ್ಮ ಅತ್ತೆಯವರಿಗೆ 74 ವರ್ಷ. ಎರಡೂ ಕಣ್ಣಿಗೆ ಗ್ಲಾಕೋಮಾ ಇದೆ, ಆರು ವರ್ಷದಿಂದ ಹನಿ ಹಾಕುತ್ತಿದ್ದೇವೆ. ಎದುರಿಗೆ ನಿಂತವರ ಮುಖ ಗುರುತಿಸುತ್ತಾರೆ, ಟಿವಿ ನೋಡುತ್ತಾರೆ, ಆದರೆ ಕಾಲಬುಡದಲ್ಲಿರುವ ಮಣೆ ಕಾಣಿಸುವುದಿಲ್ಲ. ಮೂರು ತಿಂಗಳಲ್ಲಿ ಎರಡು ಸಲ ಬಿದ್ದರು. ಒಮ್ಮೆ ಅಡುಗೆಮನೆಯ ಹೊಸ್ತಿಲು ಎಡವಿ, ಇನ್ನೊಮ್ಮೆ ರಾತ್ರಿ ಬಚ್ಚಲಿಗೆ ಹೋಗುವಾಗ. ಎರಡನೇ ಸಲ ಬಲಗೈ ಮಣಿಕಟ್ಟು ಮುರಿಯಿತು. ಈಗ ನಮ್ಮ ಮನೆಯವರು, ‘ಮಂಚದ ಮೇಲೇ ಕೂರಿಸಿಬಿಡು, ಸೋಮವಾರ ತ್ರಿಕೂಟೇಶ್ವರಕ್ಕೆ ಹೋಗೂದೂ ಬ್ಯಾಡ’ ಅನ್ನುತ್ತಾರೆ. ಅತ್ತೆ ಅಳುತ್ತಾರೆ. ಹುಬ್ಬಳ್ಳಿಯ ನಾದಿನಿ ಫೋನ್ ಮಾಡಿ, ‘ನಿನಗ ನೋಡಿಕೊಳ್ಳಾಕ ಆಗೂದಿಲ್ಲಂದ್ರ ಹೇಳು, ನಾ ಕರಕೊಂಡು ಹೋಗ್ತೀನಿ’ ಅಂದಳು. ನಾನು ಅಂಗನವಾಡಿ ಕಾರ್ಯಕರ್ತೆ, ಹಗಲು ಮನೆಯಲ್ಲಿರುವುದಿಲ್ಲ. ಓಡಾಡಲು ಬಿಟ್ಟರೆ ಬೀಳುವ ಭಯ, ಕೂರಿಸಿದರೆ ಅವರ ಕಣ್ಣೀರು. ಏನು ಮಾಡಲಿ?
– ಹೆಸರು ಬೇಡ, ಗದಗ

ಉತ್ತರ: ತಂಗೀ, ಕೂರಿಸಬೇಡಿ. ಈ ವಯಸ್ಸಿನಲ್ಲಿ ಮಂಚ ಹಿಡಿದವರ ತೊಡೆಯ ಬಲ ದಿನದಿನಕ್ಕೆ ಇಳಿಯುತ್ತದೆ. ಕೂರಿಸಿದ ಮಾತ್ರಕ್ಕೆ ಅವರು ಏಳದೇ ಇರುವುದೂ ಇಲ್ಲ. ನೀವು ಅಂಗನವಾಡಿಗೆ ಹೋದ ಮೇಲೆ ನೀರಿಗೋ ಬಚ್ಚಲಿಗೋ ಏಳುತ್ತಾರೆ, ಆಗ ಕಾಲಲ್ಲಿ ಶಕ್ತಿ ಇನ್ನೂ ಕಡಿಮೆಯಾಗಿರುತ್ತದೆ. ನಿಮ್ಮ ಮನೆಯವರ ಭಯ ಪ್ರೀತಿಯಿಂದ ಬಂದದ್ದು, ಆದರೆ ಅವರು ಹೇಳಿದ ದಾರಿ ಮೂರನೇ ಸಲ ಬೀಳುವುದನ್ನು ಹತ್ತಿರ ತರುತ್ತದೆ.

ಇನ್ನೊಂದು ಮಾತು. ಎರಡು ಸಲ ಬಿದ್ದದ್ದರಲ್ಲಿ ನಿಮ್ಮ ಅಲಕ್ಷ್ಯವಿಲ್ಲ, ಅತ್ತೆಯ ಅಲಕ್ಷ್ಯವೂ ಇಲ್ಲ. ಗ್ಲಾಕೋಮಾ ನೋಟವನ್ನು ಸಾಮಾನ್ಯವಾಗಿ ಅಂಚಿನ ಕಡೆಯಿಂದ ತಿನ್ನುತ್ತಾ ಬರುತ್ತದೆ, ನಡುವಿನ ನೋಟ ಬಹಳ ಕಾಲ ಉಳಿಯುತ್ತದೆ. ಅದಕ್ಕೇ ಮುಖ ಕಾಣುತ್ತದೆ, ಮಣೆ ಕಾಣುವುದಿಲ್ಲ. ಕೆಳಭಾಗದ ನೋಟ ಹೋದವರು ಹೆಚ್ಚು ಬೀಳುತ್ತಾರೆ, ಏಕೆಂದರೆ ಹೊಸ್ತಿಲು, ಮೆಟ್ಟಿಲು, ಬಕೀಟು ಎಲ್ಲ ಇರುವುದು ಅಲ್ಲೇ. ನೋಟ ಹೋದ ಜಾಗ ಅವರಿಗೆ ಕಪ್ಪಾಗಿ ಕಾಣುವುದಿಲ್ಲ. ಅಲ್ಲಿ ನೆಲ ಇದ್ದಂತೆಯೇ ಅನಿಸುತ್ತದೆ, ಮಣೆ ಮಾತ್ರ ಇರುವುದಿಲ್ಲ. ಕಣ್ಣಿನ ಡಾಕ್ಟರ ಹತ್ತಿರ ಫೀಲ್ಡ್ ಟೆಸ್ಟಿನ (ಸುತ್ತಲಿನ ನೋಟ ಎಲ್ಲೆಲ್ಲಿ ಉಳಿದಿದೆ ಎಂದು ಅಳೆಯುವ ಪರೀಕ್ಷೆ) ಹಾಳೆ ಕೇಳಿ ಪಡೆಯಿರಿ, ಯಾವ ಭಾಗ ಹೋಗಿದೆ ಎಂದು ವಿವರಿಸಲು ಹೇಳಿ. ನಿಮ್ಮ ಮನೆಯವರಿಗೆ ಅರ್ಥವಾಗಬೇಕಾದರೆ ಒಂದು ನೋಟ್‌ಬುಕ್ಕನ್ನು ಕಣ್ಣಿನ ಕೆಳಗೆ, ಕೆನ್ನೆಗೆ ತಾಗಿಸಿ ಅಡ್ಡಲಾಗಿ ಹಿಡಿದು ಪಡಸಾಲೆಯಿಂದ ಅಡುಗೆಮನೆಗೆ ನಡೆಯಲಿ. ನೀವು ಪಕ್ಕದಲ್ಲೇ ಇರಿ. ಹೊಸ್ತಿಲ ಹತ್ತಿರ ಬಂದಾಗ ಅವರಿಗೇ ತಿಳಿಯುತ್ತದೆ.

ನ್ಯೂಜಿಲೆಂಡಿನಲ್ಲಿ ನಡೆದು 2005ರಲ್ಲಿ ಪ್ರಕಟವಾದ ಒಂದು ಅಧ್ಯಯನ ನಿಮ್ಮ ಪ್ರಶ್ನೆಗೆ ಬಹಳ ಹತ್ತಿರದ್ದು. 75 ದಾಟಿದ, ದೃಷ್ಟಿ ತೀರಾ ಕುಂದಿದ 391 ಜನರ ಮೇಲೆ ನಡೆದದ್ದು. ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳನ್ನು ಸುರಕ್ಷಿತವಾಗಿ ಮಾಡಲು ನೆರವಾಗುವ ತಜ್ಞರು) ಮನೆಗೇ ಬಂದು, ಅವರ ಜೊತೆ ಮನೆಯೆಲ್ಲ ಸುತ್ತಿ, ಅಪಾಯದ ಜಾಗಗಳನ್ನು ಸರಿಪಡಿಸಿದ ಗುಂಪಿನಲ್ಲಿ ಬೀಳುವುದು ಶೇ 41ರಷ್ಟು ಕಡಿಮೆಯಾಯಿತು. ಬರೀ ವ್ಯಾಯಾಮ ಹೇಳಿಕೊಟ್ಟದ್ದು ಒಟ್ಟಾರೆ ಅಷ್ಟು ಫಲ ಕೊಡಲಿಲ್ಲ, ಬಿಡದೆ ಮಾಡಿದವರಿಗಷ್ಟೇ ಪ್ರಯೋಜನವಾಯಿತು. ಆದ್ದರಿಂದ ಮೊದಲು ಮನೆ. ‘ಅವರ ಜೊತೆ’ ಎಂಬುದನ್ನು ಮರೆಯಬೇಡಿ. ಅವರು ಇಲ್ಲದ ಹೊತ್ತಿನಲ್ಲಿ ಸಾಮಾನೆಲ್ಲ ಸರಿಸಿಟ್ಟರೆ, ಐವತ್ತು ವರ್ಷದಿಂದ ಅವರ ಕಾಲಿಗೆ ಗೊತ್ತಿದ್ದ ಮನೆ ಒಂದೇ ದಿನದಲ್ಲಿ ಪರರ ಮನೆಯಾಗುತ್ತದೆ. ‘ಎಲ್ಲಿ ತಡವರಿಸತೈತಿ, ತೋರಸ್ರಿ’ ಎಂದು ಕೇಳುತ್ತ ಅವರ ಹಿಂದೆ ನಡೆಯಿರಿ. ಒಮ್ಮೆ ನಡುಹಗಲು, ಇನ್ನೊಮ್ಮೆ ದೀಪ ಹಚ್ಚಿದ ಮೇಲೆ.

ಮೊದಲ ಕೆಲಸ ಹೊಸ್ತಿಲದ್ದು. ಅದನ್ನು ಕಡಿಸುವುದು ನಿಮ್ಮ ಮನೆಯಲ್ಲಿ ಆಗದ ಮಾತು ಎಂದು ಊಹಿಸುತ್ತೇವೆ, ಬೇಕಾಗಿಯೂ ಇಲ್ಲ. ಕಂದು ಕಟ್ಟಿಗೆ, ಕೆಂಪು ಗಾರೆಯ ನೆಲ, ಒಳಗೆ ಮಬ್ಬು ಬೆಳಕು ಸೇರಿದರೆ ಗ್ಲಾಕೋಮಾ ಕಣ್ಣಿಗೆ ಎಲ್ಲ ಒಂದೇ ಬಣ್ಣ. ಹೊಸ್ತಿಲಿಗೆ ಅರಿಶಿನ ಹಚ್ಚುತ್ತೀರಿ, ಬಣ್ಣ ಸರಿಯಾದದ್ದೇ, ಆದರೆ ಮಧ್ಯಾಹ್ನದೊಳಗೆ ಕಾಲಿಗೆ ಅಳಿಸಿಹೋಗುತ್ತದೆ. ಮೇಲಿನ ಎರಡೂ ಅಂಚಿಗೆ ಎರಡೆರಡು ಇಂಚಿನ ಹಳದಿ ಪಟ್ಟಿ ಬಳಿಸಿ, ನಡುವೆ ಅರಿಶಿನ–ಕುಂಕುಮಕ್ಕೆ ಜಾಗ ಉಳಿಯುತ್ತದೆ. ಹಳೇ ಕಟ್ಟಿಗೆಯಲ್ಲಿ ಎಣ್ಣೆ ಕೂತಿರುತ್ತದೆ. ಸ್ಯಾಂಡ್‌ಪೇಪರಿನಿಂದ ತಿಕ್ಕಿ, ಪ್ರೈಮರ್ ಹಚ್ಚಿ, ಆಮೇಲೆ ಎರಡು ಕೋಟು ಪೇಂಟ್. ಪ್ರೈಮರ್ ಬಿಟ್ಟರೆ ಸಿಪ್ಪೆ ಏಳುತ್ತದೆ. ಹೊಳಪಿನ ಪೇಂಟ್ ಒದ್ದೆಯಾದರೆ ಜಾರುತ್ತದೆ, ಅದಕ್ಕೆ ಎರಡನೇ ಕೋಟು ಹಸಿ ಇರುವಾಗಲೇ ಜರಡಿ ಹಿಡಿದ ಸಣ್ಣ ಮರಳು ಉದುರಿಸಿ. ಹೊರಗಿನ ಕಟ್ಟೆಯ ಪ್ರತಿ ಮೆಟ್ಟಿಲ ಅಂಚಿಗೂ ಹೀಗೇ. ಮೆಟ್ಟಿಲಿಲ್ಲದ ಕಡೆ ಇಂಥ ಪಟ್ಟಿ ಎಲ್ಲೂ ಬೇಡ, ಇದ್ದರೆ ಅದನ್ನೂ ಮೆಟ್ಟಿಲೆಂದು ತಿಳಿದು ಕಾಲು ಎತ್ತಿಡುತ್ತಾರೆ. ಇದೇ ಕಾರಣಕ್ಕೆ ನೆಲಕ್ಕೆ ಹಾಸಿದ ನವಲಗುಂದ ಜಮಖಾನವಿದ್ದರೆ ಅದರ ಗೆರೆಗಳು ಅವರ ಕಣ್ಣನ್ನು ಮೋಸ ಮಾಡುತ್ತವೆ, ಮೂಲೆ ಮಡಚಿ ಕಾಲಿಗೂ ಸಿಕ್ಕುತ್ತದೆ. ಅದು ಗೋಡೆಗೆ ಹೋಗಲಿ. ಮಂಚದ ಕೆಳಗೆ ಜೋತುಬಿದ್ದ ಕೌದಿಯನ್ನು ಒಳಗೆ ಸಿಕ್ಕಿಸಿ.

ಹೊಸ್ತಿಲ ಎರಡೂ ಬದಿಗೆ ಹಿಡಿಯಲು ಉದ್ದುದ್ದ ಹಿಡಿಕೆ ಬೇಕು, ಒಂದೂವರೆಯಿಂದ ಎರಡು ಅಡಿಯದು. ಬಲಗೈ ಇನ್ನೂ ಭಾರ ತಾಳುವುದಿಲ್ಲ, ಹೋಗುವಾಗಲೂ ಬರುವಾಗಲೂ ಎಡಗೈಗೇ ಸಿಗಬೇಕು, ಅದಕ್ಕೇ ಎರಡು. ಬಡಿಗೇರರನ್ನು ಕರೆಸಿ ಬಾಗಿಲ ಚೌಕಟ್ಟಿಗೇ ಸ್ಕ್ರೂ ಹಾಕಿಸಿ.

ಬಚ್ಚಲು ಹೆಚ್ಚು ಎಚ್ಚರ ಬೇಡುತ್ತದೆ. ಒಂದೂಕಾಲರಿಂದ ಒಂದೂವರೆ ಇಂಚು ದಪ್ಪದ ಸ್ಟೀಲ್ ಹಿಡಿಕೆ, ನೆಲದಿಂದ 33ರಿಂದ 36 ಇಂಚು ಎತ್ತರದಲ್ಲಿ, ಗೋಡೆಗೂ ಹಿಡಿಕೆಗೂ ಒಂದೂವರೆ ಇಂಚು ಸಂದು. ಟವೆಲ್ ಹಾಕುವ ಸಳಿ ಆಳಿನ ಭಾರ ತಡೆಯುವುದಿಲ್ಲ. ರಬ್ಬರ್ ಬಟ್ಟಲಿನಿಂದ ಗೋಡೆಗೆ ಅಂಟುವ ಹಿಡಿಕೆ ಹಬೆಗೆ, ಸೋಪಿಗೆ ಬಿಟ್ಟುಕೊಳ್ಳುತ್ತದೆ, ಬಿಡುವುದು ಜೋತುಬಿದ್ದ ಕ್ಷಣದಲ್ಲೇ. ನಿಮ್ಮದು ಹಳೇ ಮಣ್ಣಿನ ಗೋಡೆಯಾದರೆ ಗೌಂಡಿಗೆ ಮೊದಲೇ ಹೇಳಿ. ಅಂಥ ಗೋಡೆಯಲ್ಲಿ ಸಾದಾ ಪ್ಲಗ್ ನಿಲ್ಲುವುದಿಲ್ಲ. ಗೋಡೆಯ ಆಚೆ ಬದಿಗೆ ಕಬ್ಬಿಣದ ಪಟ್ಟಿ ಕೊಟ್ಟು, ಬೋಲ್ಟನ್ನು ಆರಪಾರ ಹಾಯಿಸಿ ನಟ್ಟು ಬಿಗಿಯಬೇಕು. ಬಿಗಿದ ಮೇಲೆ ನಿಮ್ಮ ಮನೆಯವರು ಪೂರ್ತಿ ಭಾರ ಹಾಕಿ ಜಗ್ಗಿ ನೋಡಲಿ. ಬಿಳಿ ಟೈಲ್ಸ್ ಮೇಲೆ ಸ್ಟೀಲು ಅವರಿಗೆ ಕಾಣದು, ಕೆಂಪು ಇಲ್ಲವೇ ಕಡುನೀಲಿ ಟೇಪ್ ಸುತ್ತಿ. ಬಕೀಟು, ತಂಬಿಗೆಯೂ ನೆಲದ ಬಣ್ಣಕ್ಕೆ ಎದ್ದು ಕಾಣುವಂಥವೇ ಇರಲಿ, ಜಾಗ ಬದಲಾಗದಿರಲಿ. ಕೂತು ಮೀಯಲು ಕಾಲಿಗೆ ರಬ್ಬರ್ ಹಾಕಿದ ಗಟ್ಟಿ ಕುರ್ಚಿ. ಎಣ್ಣೆ ನೀರಿನ ದಿನ ಎಣ್ಣೆಯನ್ನು ಬಚ್ಚಲಲ್ಲೇ ಕೂರಿಸಿ ಹಚ್ಚಿ. ಪಡಸಾಲೆಯಲ್ಲಿ ಹಚ್ಚಿದರೆ ಎಣ್ಣೆ ಅಂಗಾಲಿನಲ್ಲಿ ಮನೆಯೆಲ್ಲ ಓಡಾಡಿಬಿಡುತ್ತದೆ.

ರಾತ್ರಿ ಬಿದ್ದದ್ದಕ್ಕೆ ಕಾರಣ ಕತ್ತಲೆಯೊಂದೇ ಇರಲಿಕ್ಕಿಲ್ಲ. ಕತ್ತಲೆಯ ಪಾಲು ಸರಿಪಡಿಸುವುದು ಸುಲಭ. ಮಂಚದಿಂದ ಬಚ್ಚಲವರೆಗೆ ಕಾಲಮಟ್ಟದಲ್ಲಿ, ಓಡಾಟ ಕಂಡರೆ ತಾನೇ ಹತ್ತುವ ಸೆನ್ಸರ್ ದೀಪ ಎರಡು–ಮೂರು ಹಾಕಿ. ಕಣ್ಣಿಗೆ ನೇರ ಹೊಡೆಯಬಾರದು, ಬೆಳಕು ನೆಲಕ್ಕೆ ಬೀಳಬೇಕು. ಕರೆಂಟು ಹೋದರೂ ಉರಿಯುವ ಬ್ಯಾಟರಿ ಬಲ್ಬು ಬಚ್ಚಲಲ್ಲಿರಲಿ. ಉಳಿದದ್ದು ಬಿ.ಪಿ.ಯ ಪಾಲು. ಐದು ನಿಮಿಷ ಮಲಗಿಸಿ ಬಿ.ಪಿ. ನೋಡಿಸಿ, ಎದ್ದು ನಿಂತ ಮೇಲೆ ಒಂದು ನಿಮಿಷಕ್ಕೆ, ಮೂರು ನಿಮಿಷಕ್ಕೆ ಮತ್ತೆ ನೋಡಿಸಿ. ಮೇಲಿನ ಸಂಖ್ಯೆ 20, ಇಲ್ಲವೇ ಕೆಳಗಿನದು 10 ಇಳಿದರೆ, ಎದ್ದಾಗ ತಲೆ ತಿರುಗಿ ಬೀಳುವ ಅಪಾಯವಿದೆ, ಡಾಕ್ಟರು ಮಾತ್ರೆಗಳನ್ನು ಮತ್ತೊಮ್ಮೆ ನೋಡಬೇಕು. ಗ್ಲಾಕೋಮಾ ಹನಿಯ ಬಾಟಲಿಯ ಮೇಲೆ ‘ಟಿಮೊಲಾಲ್’ ಎಂದಿದೆಯೇ ನೋಡಿ. ಅದು ಮೂಗಿನೊಳಗಿಂದ ರಕ್ತಕ್ಕೆ ಸೇರಿ ಕೆಲವರಲ್ಲಿ ನಾಡಿಯನ್ನು ನಿಧಾನ ಮಾಡುತ್ತದೆ, ಬಿ.ಪಿ. ಇಳಿಸುತ್ತದೆ. ನೀವಾಗಿ ನಿಲ್ಲಿಸಬೇಡಿ, ಉಳಿದಿರುವ ನೋಟವನ್ನು ಕಾಯುತ್ತಿರುವುದೇ ಆ ಹನಿ. ಹನಿ ಹಾಕಿ ಕಣ್ಣು ಮುಚ್ಚಿಸಿ, ಮೂಗಿನ ಪಕ್ಕದ ಒಳಮೂಲೆಯನ್ನು ಬೆರಳಿನಿಂದ ಎರಡು ನಿಮಿಷ ಮೆತ್ತಗೆ ಒತ್ತಿ ಹಿಡಿಯಿರಿ, ದೇಹಕ್ಕೆ ಇಳಿಯುವುದು ಕಡಿಮೆಯಾಗುತ್ತದೆ. ಹನಿ ಹಾಕುವವರು ನೀವು ತಾನೇ, ಇವತ್ತಿನಿಂದಲೇ ಮಾಡಬಹುದು. ರಾತ್ರಿ ಎದ್ದಾಗ ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕೂತು, ಕಾಲು ಆಡಿಸಿ, ಆಮೇಲೆ ನಿಲ್ಲಲಿ. ನಿದ್ದೆ ಮಾತ್ರೆ ಅಥವಾ ಮಂಪರು ತರುವ ಕೆಮ್ಮಿನ ಸಿರಪ್ಪು ಕೊಡುತ್ತಿದ್ದರೆ ಅದನ್ನೂ ಡಾಕ್ಟರಿಗೆ ತೋರಿಸಿ.

ಕನ್ನಡಕ ಬೈಫೋಕಲ್ಲೇ? ಅದರ ಕೆಳಗಿನ ಗಾಜು ಓದುವ ದೂರಕ್ಕೆ ಮಾಡಿದ್ದು, ಅದರೊಳಗಿಂದ ಮೆಟ್ಟಿಲು ಮಸುಕಾಗಿ ಕಾಣುತ್ತದೆ. ಹೊರಗೆ ನಡೆಯಲು ದೂರದ ನೋಟಕ್ಕಷ್ಟೇ ಒಂದು ಕನ್ನಡಕ ಬೇರೆ ಮಾಡಿಸುವ ಬಗ್ಗೆ ಡಾಕ್ಟರನ್ನು ಕೇಳಿ. ನಂಬರು ಒಮ್ಮೆಲೇ ಬಹಳ ಬದಲಾದರೆ ಮೊದಲ ಕೆಲವು ವಾರ ಬೀಳುವ ಸಂಭವ ಹೆಚ್ಚು, ಆಗ ಜೊತೆಯಲ್ಲಿರಿ. ಪೊರೆಯೂ ಇದ್ದರೆ ಅದರ ಆಪರೇಷನ್ ಮುಂದೂಡಬೇಡಿ. ಗ್ಲಾಕೋಮಾದಿಂದ ಹೋದ ನೋಟ ಮರಳುವುದಿಲ್ಲ, ಪೊರೆಯಿಂದ ಮಬ್ಬಾದದ್ದು ಮರಳುತ್ತದೆ. ಮಣಿಕಟ್ಟು ಮುರಿದ ಬಗ್ಗೆಯೂ ಕೇಳಬೇಕು. ನಿಂತಲ್ಲಿಂದ ಬಿದ್ದಷ್ಟಕ್ಕೇ ಎಲುಬು ಮುರಿದರೆ ಎಲುಬು ಸವೆದಿರುವ ಸಾಧ್ಯತೆ ಇದೆ. ಪ್ಲಾಸ್ಟರ್ ಬಿಚ್ಚಿ ಸುಮ್ಮನೆ ಮನೆಗೆ ಬರದೆ ಎಲುಬಿನ ಸಾಂದ್ರತೆಯ ಪರೀಕ್ಷೆ ಬೇಕೇ ಎಂದು ಕೇಳಿ.

ಕಾಲಿನ ಬಲಕ್ಕೆ ದಿನಕ್ಕೆ ಹತ್ತು ನಿಮಿಷ ಸಾಕು, ತಪ್ಪಿಸಬಾರದು ಅಷ್ಟೇ. ಗೋಡೆಗೆ ಒತ್ತಿಟ್ಟ ಕುರ್ಚಿಯಿಂದ ಎದ್ದು ಕೂರುವುದು, ಐದರಿಂದ ಶುರುಮಾಡಿ ಹತ್ತಕ್ಕೆ. ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು ಹತ್ತು ಸಲ, ಕಟ್ಟೆಗುಂಟ ಅಡ್ಡಡ್ಡ ಹೆಜ್ಜೆ ಅತ್ತ ಹತ್ತು, ಇತ್ತ ಹತ್ತು. ಐದು ಸಲ ಎದ್ದು ಕೂರಲು 15 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಕಾಲು ಸೋತಿವೆ ಎಂದರ್ಥ. ಈಗ ಎಷ್ಟು ಹಿಡಿಯುತ್ತದೆ ಎಂದು ಕ್ಯಾಲೆಂಡರಿನಲ್ಲಿ ಬರೆದಿಡಿ, ತಿಂಗಳ ಮೇಲೆ ಮತ್ತೆ ಎಣಿಸಿ. ಸೀರೆಯ ನಿರಿಗೆ ಪಾದಕ್ಕಿಂತ ಎರಡು ಇಂಚು ಮೇಲಿರಲಿ. ಹವಾಯಿ ಚಪ್ಪಲಿ ಬೇಡ, ಹಿಮ್ಮಡಿಗೆ ಪಟ್ಟಿಯಿರುವ, ತೆಳು ಅಡಿಯ ಚಪ್ಪಲಿ ಸಾಕು.

ತ್ರಿಕೂಟೇಶ್ವರಕ್ಕೆ ಕರೆದುಕೊಂಡು ಹೋಗಿ. ಅಲ್ಲಿಯ ತೊಡಕು ಎರಡು: ಸವೆದು ನುಣುಪಾದ ಕಲ್ಲು, ಬಿಸಿಲಿನಿಂದ ಒಮ್ಮೆಲೇ ಮಂಟಪದ ಕತ್ತಲು. ಗ್ಲಾಕೋಮಾ ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಹೊತ್ತು ತೆಗೆದುಕೊಳ್ಳುತ್ತದೆ. ಒಳಗೆ ಕಾಲಿಡುವ ಮೊದಲು ನೆರಳಿನಲ್ಲಿ ಎರಡು–ಮೂರು ನಿಮಿಷ ನಿಲ್ಲಿಸಿ, ಹಿಂದಿನವರು ಎಷ್ಟೇ ಅವಸರ ಮಾಡಲಿ. ನೀವು ಅವರ ಕೈ ಹಿಡಿದು ಎಳೆಯಬೇಡಿ, ಹಿಂದಿನಿಂದ ನೂಕಬೇಡಿ. ಅವರು ಎಡಗೈಯಿಂದ ನಿಮ್ಮ ಬಲತೋಳನ್ನು ಮೊಣಕೈಗಿಂತ ತುಸು ಮೇಲೆ ಹಿಡಿಯಲಿ, ನೀವು ಅರ್ಧ ಹೆಜ್ಜೆ ಮುಂದಿರಿ. ನಿಮ್ಮ ಮೈ ಏರಿದ್ದು ಇಳಿದದ್ದು ಅವರ ಕೈಗೆ ತಿಳಿಯುತ್ತದೆ. ಮೆಟ್ಟಿಲು ಬಂದಾಗ ‘ಮೆಟ್ಟಲಾ’ ಎಂದಷ್ಟೇ ಅನ್ನದೆ ‘ಮ್ಯಾಲಕ್ಕ’, ‘ಕೆಳಕ್ಕ’ ಎಂದೂ ಹೇಳಿ. ಬಿಳಿ ಕೋಲನ್ನು ಬಳಸಲು ಕಲಿತರೆ ಇನ್ನೂ ಒಳ್ಳೆಯದು. ಎದೆಮೂಳೆಯವರೆಗೆ ಬರುವ ಉದ್ದದ ಆ ಕೋಲು ಮುಂದಿನ ಹೆಜ್ಜೆಯ ನೆಲವನ್ನು ತಡವಿ ಹೇಳುತ್ತದೆ. ಊರುಗೋಲು ಭಾರ ಹಾಕಲು ಮಾಡಿದ್ದು, ಎರಡೂ ಒಂದಲ್ಲ. ದೃಷ್ಟಿಹೀನತೆ ಶೇ 40 ಅಥವಾ ಹೆಚ್ಚಿದ್ದರೆ ಯು.ಡಿ.ಐ.ಡಿ. ಕಾರ್ಡಿಗೆ (ವಿಕಲಚೇತನರ ಗುರುತಿನ ಚೀಟಿ) ಅರ್ಜಿ ಹಾಕಬಹುದು. ಜಿಲ್ಲೆಯ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯಲ್ಲಿ ಕೋಲು ಮತ್ತು ತರಬೇತಿಯ ಬಗ್ಗೆ ವಿಚಾರಿಸಿ. ಹಿರಿಯರ ಸಹಾಯವಾಣಿ 14567ಕ್ಕೂ ಕರೆ ಮಾಡಬಹುದು.

ಇಷ್ಟೆಲ್ಲ ಮಾಡಿದರೂ ಬೀಳುವುದೇ ಇಲ್ಲ ಎಂದು ಯಾರೂ ಮಾತು ಕೊಡಲಾರರು. ಅದಕ್ಕೂ ಸಿದ್ಧರಾಗಿರಿ. ಕೊರಳಿಗೆ ಹಾಕಿಕೊಳ್ಳುವ ಸಾದಾ ಬಟನ್ ಫೋನ್ ಕೊಡಿಸಿ, ಒಂದೇ ಗುಂಡಿ ಒತ್ತಿದರೆ ನಿಮಗೆ ಹೋಗುವಂತೆ ಹೊಂದಿಸಿ. ಪಕ್ಕದ ಮನೆಯವರ ಹತ್ತಿರ ಒಂದು ಬೀಗದ ಕೈ ಇರಲಿ. ಬಿದ್ದ ಕೂಡಲೇ ಕಂಕುಳಿಗೆ ಕೈ ಹಾಕಿ ಎತ್ತಬೇಡಿ. ಮೊದಲು ಮಾತಾಡಿಸಿ. ತೊಡೆಸಂದಿನಲ್ಲಿ ನೋವು, ಒಂದು ಕಾಲು ಗಿಡ್ಡಾಗಿ ಹೊರಕ್ಕೆ ತಿರುಗಿದಂತೆ ಕಂಡರೆ ಅಲುಗಿಸದೆ 108ಕ್ಕೆ ಫೋನ್ ಮಾಡಿ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರ ತಲೆಗೆ ಪೆಟ್ಟಾದರೆ ಗಾಯ ಕಾಣದಿದ್ದರೂ ಆಸ್ಪತ್ರೆಗೆ ಹೋಗಲೇಬೇಕು.

ಇನ್ನು ನಾದಿನಿಯ ಮಾತು. ಅದರಲ್ಲಿ ತಾಯಿಗೆ ಏನಾದೀತೋ ಎಂಬ ಭಯವಿದೆ, ಜೊತೆಗೆ ನಿಮಗೆ ಅನ್ಯಾಯವೂ ಆಗಿದೆ. ಅದನ್ನು ನೀವೊಬ್ಬರೇ ಹೊರಬೇಕಾಗಿಲ್ಲ. ಅತ್ತೆಯನ್ನು ಗುರುತಿಲ್ಲದ ಹುಬ್ಬಳ್ಳಿ ಮನೆಗೆ ಈಗ ಕಳಿಸುವುದು ಬೇಡ. ಹೊಸ ಮನೆಯ ಪ್ರತಿ ತಿರುವನ್ನೂ ಕಾಲು ಮೊದಲಿನಿಂದ ಕಲಿಯಬೇಕಾಗುತ್ತದೆ, ಅದೂ ಕೈ ಮಾಯುತ್ತಿರುವ ಹೊತ್ತಿನಲ್ಲಿ. ನಾದಿನಿಯನ್ನೇ ಒಂದು ಭಾನುವಾರ ಕರೆಸಿ. ಫೀಲ್ಡ್ ಟೆಸ್ಟಿನ ಹಾಳೆ ತೋರಿಸಿ, ನೋಟ್‌ಬುಕ್ ಹಿಡಿದು ಅವರೂ ಹೊಸ್ತಿಲು ದಾಟಲಿ. ಆಮೇಲೆ ಅತ್ತೆಯ ಎದುರಿಗೇ ಕೆಲಸ ಹಂಚಿಕೊಳ್ಳಿ: ಹಿಡಿಕೆ, ದೀಪ, ಪೇಂಟು ನಿಮ್ಮ ಮನೆಯವರಿಗೆ, ಕಣ್ಣಿನ ಡಾಕ್ಟರ ಭೇಟಿ, ಕನ್ನಡಕ, ಎಲುಬಿನ ಪರೀಕ್ಷೆ ನಾದಿನಿಗೆ, ಹನಿ ಮತ್ತು ಸೋಮವಾರದ ಗುಡಿ ನಿಮಗೆ. ಯಾವ ಹಿಡಿಕೆ ಎಲ್ಲಿ ಕೂರಬೇಕು ಎಂದು ಗೋಡೆಯ ಮೇಲೆ ಕೈಯಿಟ್ಟು ತೋರಿಸುವವರು ಅತ್ತೆಯೇ ಆಗಲಿ. ಗೌಂಡಿ ಅಲ್ಲೇ ಸೀಮೆಸುಣ್ಣದ ಗುರುತು ಹಾಕಲಿ.