ಬರಹಗಾರರಿಗೆ ಸಲಹೆ: ಕಪ್ಪೆ ಕುಣಿದರೆ ಓದು ಬಾರದು

ನಮಸ್ಕಾರ.

ಟ್ಯಾಬ್ಲೆಟ್ಟಿನಲ್ಲಿ ಮುಟ್ಟಿ ಓದುವ ಪುಸ್ತಕಕ್ಕೆಂದು ನೀವು ಕಳಿಸಿದ, ಅಮ್ಮನನ್ನು ಹುಡುಕುವ ಮೇಕೆಮರಿಯ ಕಥೆ ಓದಿದೆವು. ಕಥೆ ಚೆನ್ನಾಗಿದೆ. ಆದರೆ ಈಗಿನ ರೂಪದಲ್ಲಿ ಪ್ರಕಟಿಸಲಾಗದು. 16 ಪುಟಗಳಲ್ಲಿ 41 ಕಡೆ ಮುಟ್ಟಿದರೆ ಏನಾದರೊಂದು ಆಗುತ್ತದೆ. ಆ 41ರಲ್ಲಿ ಒಂದೂ ಅಕ್ಷರದ ಮೇಲಿಲ್ಲ.

ಕಪ್ಪೆ ಮುಟ್ಟಿದರೆ ಕುಪ್ಪಳಿಸುತ್ತದೆ, ಮೋಡ ಮುಟ್ಟಿದರೆ ಮಳೆ. ಮಗು ಕಪ್ಪೆಯನ್ನು ಇಪ್ಪತ್ತು ಸಲ ಕುಣಿಸಿ ಪುಟ ತಿರುಗಿಸುತ್ತದೆ. ಕೆಳಗಿನ ಸಾಲಿನ ಕಡೆ ಕಣ್ಣು ಹೋಗುವುದಿಲ್ಲ, ಕಥೆಯ ಎಳೆಯೂ ತಪ್ಪುತ್ತದೆ. ಇದನ್ನು ತಿರುವುಮುರುವು ಮಾಡಿ. ‘ಗುಡ್ಡ’ ಎಂಬ ಪದ ಮುಟ್ಟಿದಾಗ ದನಿ ‘ಗುಡ್ಡ’ ಅನ್ನಲಿ, ಚಿತ್ರದ ಗುಡ್ಡ ಅಲುಗಲಿ. ಪುಟಕ್ಕೆ ಇಂಥವು ಎರಡು ಸಾಕು. ಕಪ್ಪೆ ಕಥೆಯಲ್ಲೇ ಇಲ್ಲ, ತೆಗೆದುಬಿಡಿ.

ಭಾಷೆಯ ವಿಚಾರಕ್ಕೆ ಬಂದರೆ, ನಿಮ್ಮದೇ ಸಾಲು: ‘ಮೇಕೆಮರಿಯು ಗುಡ್ಡವನ್ನೇರಿ ಅತ್ತಿತ್ತ ನೋಡಿ ಗಾಬರಿಗೊಂಡಿತು.’ ದೊಡ್ಡವರು ಓದಿ ಹೇಳಿದರೆ ಸರಿ. ಈಗಷ್ಟೇ ಅಕ್ಷರ ಕೂಡಿಸುವ ಮಗು ‘ಗುಡ್ಡವನ್ನೇರಿ’ಯ ತುದಿ ಮುಟ್ಟುವಷ್ಟರಲ್ಲಿ ಬುಡ ಮರೆತಿರುತ್ತದೆ. ಸಂಧಿ ಬಿಡಿಸಿ, ವಾಕ್ಯ ಒಡೆಯಿರಿ:

‘ಮರಿ ಗುಡ್ಡ ಹತ್ತಿತು. ಆ ಕಡೆ ನೋಡಿತು. ಅಮ್ಮ ಇಲ್ಲ. ಈ ಕಡೆ ನೋಡಿತು. ಅಮ್ಮ ಇಲ್ಲ.’

‘ಅಮ್ಮ ಇಲ್ಲ’ ಪುಟಪುಟಕ್ಕೂ ಬರಲಿ. ನಾಲ್ಕನೇ ಪುಟದ ಹೊತ್ತಿಗೆ ಮಗು ತಾನೇ ಹೇಳತೊಡಗುತ್ತದೆ. ಅದು ಓದಲ್ಲ, ಬಾಯಿಪಾಠ ಎನ್ನುತ್ತೀರಿ. ನಿಜ. ಅದಕ್ಕೇ ಕೊನೆಯ ಪುಟದಲ್ಲಿ ಎರಡು ಪೊದೆ ಇಡಿ. ಒಂದರ ಕೆಳಗೆ ‘ಅಮ್ಮ ಇಲ್ಲ’, ಇನ್ನೊಂದರ ಕೆಳಗೆ ‘ಅಮ್ಮ ಇಲ್ಲಿ’. ವ್ಯತ್ಯಾಸ ಒಂದು ಗುಡಿಸು ಮಾತ್ರ. ಅಲ್ಲಿ ದನಿ ಬೇಡ. ಅದು ಓದಿ ಹೇಳಿದರೆ ಮಗುವಿಗೆ ಕೆಲಸವೇ ಉಳಿಯದು. ಪುಸ್ತಕ ತೆರೆದಾಗಲೆಲ್ಲ ಪೊದೆಗಳು ಎಡಬಲ ಬದಲಾಗಲಿ, ಇಲ್ಲದಿದ್ದರೆ ಎರಡನೇ ಸಲ ಜಾಗ ನೆನಪಿಟ್ಟು ಮುಟ್ಟುತ್ತದೆ.

ಅ, ಆ, ಇ, ಈ ಎಂದು ಪುಟಕ್ಕೊಂದು ಸ್ವರ ಕಲಿಸುವ ಹಟ ಬಿಡಿ. ಋ ಬಂತೆಂಬ ಒಂದೇ ಕಾರಣಕ್ಕೆ ಪಾಪ, ಮೇಕೆಮರಿಗೆ ದಾರಿಯಲ್ಲಿ ಋಷಿ ಸಿಗುತ್ತಾನೆ! ನಮ್ಮ ಸರ್ಕಾರಿ ಶಾಲೆಗಳಲ್ಲಿ ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿ ಶುರುವಾಗುವುದು ರ, ಗ, ಸ, ದ, ಅ ಇಂದ. ಈ ಐದೇ ಅಕ್ಷರಕ್ಕೆ ಸರ, ಅರಸ, ಅಗಸ, ಗರಗಸ ಎಲ್ಲ ಓದಲು ಬರುತ್ತವೆ. ಸ್ವರಗಳನ್ನಷ್ಟೇ ಕಲಿತ ಮಗುವಿಗೆ ಓದಲು ಪದ ಎಷ್ಟು ಸಿಕ್ಕೀತು?

ದನಿಯ ಜೊತೆ ಅಕ್ಷರಗಳ ಬಣ್ಣ ಬದಲಾಗಲಿ ಎಂದಿದ್ದೀರಿ, ಒಳ್ಳೆಯದೇ. ಆದರೆ ಪ್ರೋಗ್ರಾಂ ಬರೆಯುವವರಿಗೆ ಒಂದು ಮಾತು ಹೇಳಿರಿ. ‘ಗುಡ್ಡ’ ಮಗುವಿನ ಕಣ್ಣಿಗೆ ಎರಡು ಅಕ್ಷರ. ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯೂನಿಕೋಡ್‌ನಲ್ಲಿ ಐದು ತುಂಡು. ತುಂಡು ತುಂಡಾಗಿ ಬಣ್ಣ ಹಚ್ಚಲು ಹೋದರೆ ಕೊಂಬು ಒಂದು ಕಡೆ, ಒತ್ತು ಇನ್ನೊಂದು ಕಡೆ ಕಿತ್ತುಬರುತ್ತದೆ. ಇಡೀ ಪದ ಒಟ್ಟಿಗೆ ಬೆಳಗಲಿ. ಸಾಲುಗಳ ನಡುವೆ ಜಾಗವನ್ನೂ ಧಾರಾಳವಾಗಿ ಬಿಡಿಸಿ, ಒತ್ತಕ್ಷರ ಕೆಳಗಿನ ಸಾಲಿಗೆ ತಾಗಬಾರದು.

ಮೇಕೆಯೋ ಆಡೋ ಎಂದು ಕೇಳಿದ್ದಿರಿ. ‘ಆಡು’ ಓದಲು ಸುಲಭ, ಉತ್ತರ ಕರ್ನಾಟಕದ ಮಕ್ಕಳಿಗೆ ಹತ್ತಿರವೂ ಹೌದು. ಆದರೆ ಆಟ ಶುರುಮಾಡುವ ಗುಂಡಿಯ ಮೇಲೂ ‘ಆಡು’ ಎಂದೇ ಬರೆದಿದ್ದೀರಲ್ಲ! ಎರಡರಲ್ಲಿ ಒಂದನ್ನು ಬದಲಿಸಿ.

ಇಡೀ ಕಥೆ ತಿದ್ದುವ ಮುನ್ನ ಮೊದಲ ಮೂರು ಪುಟ, ಪೊದೆಗಳ ಪುಟ ಇಷ್ಟೇ ಕಳಿಸಿ. ಮುಟ್ಟುವ ಪದಗಳಿಗೆ ಕೆಳಗೆರೆ ಹಾಕಿರಲಿ.

– ಸಂಪಾದಕರು