ಸೆಪ್ಸಿಸ್‌ಗೆ (ಸೋಂಕಿಗೆ ದೇಹದ ಪ್ರತಿಕ್ರಿಯೆ ಹದ್ದುಮೀರಿ ಅಂಗಗಳಿಗೇ ಹಾನಿಯಾಗುವ ಸ್ಥಿತಿ) ಕೆಲವರು ಬೇಗ ತುತ್ತಾಗುವುದೇಕೆ? ಇದರಲ್ಲಿ ಜೀನ್‌ಗಳ ಪಾತ್ರವಿದೆಯೇ?

ಖಂಡಿತ ಇದೆ. ನನಗೆ ಅತ್ಯಂತ ಮನವರಿಕೆಯಾಗುವ ಪುರಾವೆ ಡೆನ್ಮಾರ್ಕಿನ ದತ್ತು ಮಕ್ಕಳ ಕುರಿತು 1988ರಲ್ಲಿ ಪ್ರಕಟವಾದ ಅಧ್ಯಯನ. ಹೆತ್ತವರಲ್ಲಿ ಒಬ್ಬರು 50 ವರ್ಷದೊಳಗೆ ಸೋಂಕಿನಿಂದ ತೀರಿಕೊಂಡಿದ್ದರೆ, ಬೇರೆ ಮನೆಯಲ್ಲಿ ಬೆಳೆದ ಮಗುವೂ ಸೋಂಕಿನಿಂದ ಸಾಯುವ ಸಂಭವ ಸುಮಾರು 5.8 ಪಟ್ಟು ಹೆಚ್ಚಿತ್ತು. ಸಾಕಿದವರು ಹಾಗೆ ತೀರಿಕೊಂಡಿದ್ದಾಗ ಅಂಥ ಏರಿಕೆ ಕಾಣಲಿಲ್ಲ.

ಕೆಲವೊಮ್ಮೆ ಒಂದೇ ಜೀನ್ ಕೆಟ್ಟರೂ ಸಾಕು. ಐಆರ್‌ಎಕೆ4 ಅಥವಾ ಮೈಡಿ88 ಎಂಬ ಜೀನ್ ಕೆಲಸ ಮಾಡದ ಮಕ್ಕಳಲ್ಲಿ, ಬ್ಯಾಕ್ಟೀರಿಯಾ ಬಂದಿದೆಯೆಂಬ ಸಂಕೇತ ರಕ್ಷಣಾ ಕೋಶದೊಳಗೆ ಸರಿಯಾಗಿ ಸಾಗುವುದಿಲ್ಲ. ನ್ಯೂಮೊಕಾಕಸ್ ಎಂಬ ಬ್ಯಾಕ್ಟೀರಿಯಾ ರಕ್ತಕ್ಕೆ ನುಗ್ಗಿದರೂ ಆರಂಭದಲ್ಲಿ ಜ್ವರ ಅಷ್ಟಾಗಿ ಏರದಿರಬಹುದು. ಅನುಭವಿ ವೈದ್ಯರೂ ಮೋಸಹೋಗುವುದು ಇಲ್ಲಿಯೇ. ವಿಚಿತ್ರವೆಂದರೆ, ಬದುಕುಳಿದವರಲ್ಲಿ ಹದಿಹರೆಯದ ಹೊತ್ತಿಗೆ ಈ ಅಪಾಯ ಬಹಳ ತಗ್ಗುತ್ತದೆ. ರಕ್ತದಲ್ಲಿ ಬ್ಯಾಕ್ಟೀರಿಯಾ ಕೊಲ್ಲಲು ನೆರವಾಗುವ ಕಾಂಪ್ಲಿಮೆಂಟ್ ಎಂಬ ಪ್ರೋಟೀನ್ ಸರಣಿಯ ಕೊನೆಯ ಪ್ರೋಟೀನ್‌ಗಳ ಕೊರತೆಯಿದ್ದರೆ ಮಿದುಳುಪೊರೆಯ ಉರಿಯೂತ ತರುವ ಮೆನಿಂಜೊಕಾಕಸ್ ಬ್ಯಾಕ್ಟೀರಿಯಾ ಮತ್ತೆ ಮತ್ತೆ ಕಾಡಬಹುದು. ಅಂಥವರಿಗೆ ಲಸಿಕೆ ಬೇಕೇ ಬೇಕು.

ಇವೆಲ್ಲ ಅಪರೂಪ. ರೋಗರಕ್ಷಣೆಗೆ ಸಂಬಂಧಿಸಿದ ಟಿಎಲ್‌ಆರ್4, ಟಿಎನ್‌ಎಫ್ ಜೀನ್‌ಗಳ ಸಾಮಾನ್ಯ ವ್ಯತ್ಯಾಸಗಳ ಕುರಿತ ಅಧ್ಯಯನಗಳು ಒಂದಕ್ಕೊಂದು ತಾಳೆಯಾಗಿಲ್ಲ. ಆದ್ದರಿಂದ ಆರೋಗ್ಯವಂತರು ಸೆಪ್ಸಿಸ್ ಭಯಕ್ಕೆ ಜೀನ್ ಪರೀಕ್ಷೆಗೆ ದುಡ್ಡು ಸುರಿಯಬೇಕಿಲ್ಲ. ಮಗುವಿಗೆ ತೀವ್ರ ಸೋಂಕು ಮರುಕಳಿಸಿದರೆ ಅಥವಾ ಒಡಹುಟ್ಟಿದವರು ಹಾಗೆ ತೀರಿಕೊಂಡಿದ್ದರೆ ಮಾತ್ರ ರೋಗನಿರೋಧಕ ತಜ್ಞರನ್ನು ಕಾಣಿ.