ಜಿಂಕೆ ಬೇಟೆಯ ರೈಫಲ್‌ಗೆ 3-9×40 ಸ್ಕೋಪ್ ಸಾಕೇ, 6-24×50 ಬೇಕೇ?

ಪೆನ್ಸಿಲ್ವೇನಿಯಾದ ಕಾಡಿನಲ್ಲಿ ಬಿಳಿಬಾಲದ ಜಿಂಕೆಯ ಬೇಟೆಗೆಂದು .308 ಬೋಲ್ಟ್ ಆ್ಯಕ್ಷನ್ ರೈಫಲ್ ಕೊಂಡಿರುವ ನೀವು, ಅದಕ್ಕೆ 3-9×40 ಸ್ಕೋಪ್ (ಅಂದರೆ ಹಿಗ್ಗಿಕೆ 3ರಿಂದ 9 ಪಟ್ಟು, ಮುಂದಿನ ಮಸೂರ 40 ಮಿ.ಮೀ.) ಸಾಕೇ ಅಥವಾ ಅಂಗಡಿಯವರು ತೋರಿಸಿದ 6-24×50 ತೆಗೆದುಕೊಳ್ಳಬೇಕೇ ಎಂದು ಕೇಳಿದ್ದೀರಿ. ಮೊದಲನೆಯದನ್ನೇ ಕೊಳ್ಳಿ. ಎರಡನೆಯದನ್ನು ಕೊಂಡು ಇಡೀ ಒಂದು ಋತುವನ್ನು ಹಾಳುಮಾಡಿಕೊಂಡವನು ನಾನು.

ಕೊಡಗಿನಲ್ಲಿ ಬೆಳೆದ ನನಗೆ ಕೋವಿ ಹೊಸತೇನಲ್ಲ. ನಮ್ಮ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ದಿನ ತೋಕ್ ಪೂ ಎಂಬ ಹೂವಿಟ್ಟು ಪೂಜಿಸಿದ ಕೋವಿಯಿಂದ, ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಬರಿಗಣ್ಣಿನಲ್ಲೇ ಗುರಿಯಿಟ್ಟು ಹೊಡೆದು ರೂಢಿಯಿತ್ತು. ಸ್ಕೋಪ್ ಎಂದರೆ ದೂರದ್ದನ್ನು ಹತ್ತಿರ ತರುವ ವಸ್ತು, ಎಷ್ಟು ಹತ್ತಿರ ತಂದರೆ ಅಷ್ಟು ಒಳ್ಳೆಯದು ಎಂದುಕೊಂಡಿದ್ದೆ. ಇಲ್ಲಿ ಮೊದಲ ಸಲ ಬೇಟೆಗೆ ಹೋದಾಗ, ಮೌಂಟನ್ ಲಾರೆಲ್ ಪೊದೆಗಳ ನಡುವಿನಿಂದ ಸುಮಾರು 40 ಗಜದಲ್ಲಿ ಗಂಡು ಜಿಂಕೆಯೊಂದು ಹೊರಬಂದಿತು. ಸ್ಕೋಪನ್ನು 12ಕ್ಕೆ ತಿರುಗಿಸಿಟ್ಟಿದ್ದೆ. ಕಣ್ಣಿಟ್ಟು ನೋಡಿದರೆ ಕಂಡದ್ದು ಕಂದು ರೋಮ ಮಾತ್ರ. ಅದು ಭುಜವೋ ತೊಡೆಯೋ ತಿಳಿಯಲಿಲ್ಲ. ಅಷ್ಟು ಹತ್ತಿರದಲ್ಲಿ ಆ ಹಿಗ್ಗಿಕೆಯಲ್ಲಿ ಕಾಣುವ ಅಗಲ ಮೂರು ನಾಲ್ಕು ಅಡಿ, ಅಂದರೆ ಜಿಂಕೆಯ ಮೈಯೇ ಪೂರ್ತಿ ಹಿಡಿಸುವುದಿಲ್ಲ. ಹಿಗ್ಗಿಕೆ ಇಳಿಸಲು ನಾನು ಸ್ಕೋಪಿನ ಉಂಗುರ ತಿರುಗಿಸುವಷ್ಟರಲ್ಲಿ ಅದು ಇಳಿಜಾರು ಇಳಿದು ಹೋಗಿತ್ತು.

ಇನ್ನು ಬೆಳಕಿನ ವಿಚಾರ. ನನ್ನ ಮಟ್ಟಿಗೆ ಆಯ್ಕೆ ನಿರ್ಧಾರವಾಗಬೇಕಾದದ್ದು ಇಲ್ಲಿ. ಈ ರಾಜ್ಯದಲ್ಲಿ ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿನಿಂದ ಸೂರ್ಯಾಸ್ತದ ಅರ್ಧ ಗಂಟೆಯ ನಂತರದವರೆಗೆ ಜಿಂಕೆಯನ್ನು ಹೊಡೆಯಲು ಅನುಮತಿಯಿದ್ದು, ಜಿಂಕೆಗಳು ಹೆಚ್ಚು ಓಡಾಡುವುದೂ ಆ ಎರಡು ಮಬ್ಬು ಹೊತ್ತಿನಲ್ಲೇ. ಸ್ಕೋಪನ್ನು ಕೈಯಳತೆಯಲ್ಲಿ ಹಿಡಿದು ಬೆಳಕಿನ ಕಡೆಗೆ ನೋಡಿ: ಕಣ್ಣಿನ ಕಡೆಯ ಮಸೂರದಲ್ಲಿ ಬೆಳಕಿನ ಪುಟ್ಟ ಬಿಲ್ಲೆಯೊಂದು ಕಾಣುತ್ತದೆ. ಮುಂದಿನ ಮಸೂರದ ವ್ಯಾಸವನ್ನು ಹಿಗ್ಗಿಕೆಯಿಂದ ಭಾಗಿಸಿದರೆ ಬರುವುದೇ ಆ ಬಿಲ್ಲೆಯ ಅಳತೆ. 40 ಮಿ.ಮೀ. ಮಸೂರವಿರುವ ಸ್ಕೋಪನ್ನು 6ಕ್ಕೆ ಇಟ್ಟರೆ ಸುಮಾರು 6.7 ಮಿ.ಮೀ., 9ಕ್ಕೆ ಇಟ್ಟರೆ 4.4 ಮಿ.ಮೀ.; ಅದೇ 50 ಮಿ.ಮೀ. ಸ್ಕೋಪನ್ನು 24ಕ್ಕೆ ಇಟ್ಟರೆ ಕೇವಲ 2 ಮಿ.ಮೀ. ಮಬ್ಬಿನಲ್ಲಿ ನಮ್ಮ ಕಣ್ಣಿನ ಪಾಪೆ, ವಯಸ್ಸಿಗೆ ತಕ್ಕಂತೆ, 5ರಿಂದ 7 ಮಿ.ಮೀ.ವರೆಗೆ ಅರಳುವುದರಿಂದ, ಬಿಲ್ಲೆ ಅದಕ್ಕಿಂತ ತೀರ ಚಿಕ್ಕದಾದರೆ ಚಿತ್ರ ಕಪ್ಪಾಗುತ್ತದೆ. ಇದರ ಜೊತೆಗೆ ಮಸೂರದ ಮೇಲಿನ ಲೇಪನದ ಗುಣಮಟ್ಟವೂ ಮುಖ್ಯವಾದ್ದರಿಂದ, ಅಗ್ಗದ ದೊಡ್ಡ ಸ್ಕೋಪಿಗಿಂತ ಅದೇ ಬೆಲೆಯ ಸರಳ ಸ್ಕೋಪಿನಲ್ಲಿ ಒಳ್ಳೆಯ ಗಾಜು ಸಿಗುವ ಸಾಧ್ಯತೆ ಹೆಚ್ಚು.

ಕಣ್ಣಿಗೂ ಸ್ಕೋಪಿಗೂ ನಡುವೆ ಮೂರೂವರೆ ಇಂಚಿನಷ್ಟಾದರೂ ಅಂತರ ಸಿಗುವಂಥದ್ದನ್ನು ನೋಡಿ. .308 ಚೆನ್ನಾಗಿಯೇ ಒದೆಯುತ್ತದೆ. ನನ್ನ ಬಲ ಹುಬ್ಬಿನ ಮೇಲಿರುವ ಅರ್ಧಚಂದ್ರಾಕಾರದ ಗಾಯದ ಗುರುತು ಅದಕ್ಕೆ ಸಾಕ್ಷಿ. ಗುರಿಯ ಗೆರೆಗಳ ವಿಷಯದಲ್ಲಿ ತಲೆ ಕೆಡಿಸಿಕೊಳ್ಳಬೇಡಿ. ಅಂಚಿನಲ್ಲಿ ದಪ್ಪಗಿದ್ದು ನಡುವೆ ತೆಳುವಾಗುವ ಡ್ಯುಪ್ಲೆಕ್ಸ್ ಮಾದರಿಯನ್ನು ಲ್ಯೂಪೋಲ್ಡ್ ಕಂಪನಿ 1962ರಲ್ಲಿ ತಂದಿತು, ಕಾಡಿನ ಬೇಟೆಗೆ ಅದು ಇಂದಿಗೂ ಸಾಕು. ಹಣ ಉಳಿದರೆ ಸ್ಕೋಪನ್ನು ರೈಫಲ್‌ಗೆ ಬಿಗಿಯುವ ಒಳ್ಳೆಯ ಮೌಂಟು ಮತ್ತು ರಿಂಗುಗಳಿಗೆ ಹಾಕಿ, ಏಕೆಂದರೆ ಒಂದು ಸ್ಕ್ರೂ ಸಡಿಲವಾಗಿದ್ದರೂ ಎಂಥ ಸ್ಕೋಪೂ ಗುರಿ ಹಿಡಿಯುವುದಿಲ್ಲ. ನೂರು ಗಜದಲ್ಲಿ ಗುಂಡು ಗೆರೆಗಳು ಕೂಡುವಲ್ಲೇ ಬೀಳುವಂತೆ ಸ್ಕೋಪನ್ನು ಹೊಂದಿಸಿಕೊಳ್ಳಿ. ಸಾಮಾನ್ಯ ಸ್ಕೋಪಿನಲ್ಲಿ ಹೊಂದಿಸುವ ತಿರುಪಿನ ಒಂದು ಕ್ಲಿಕ್ಕಿಗೆ ಆ ದೂರದಲ್ಲಿ ಗುಂಡು ಬೀಳುವ ಜಾಗ ಕಾಲು ಇಂಚು ಸರಿಯುತ್ತದೆ.

ನೀವು ಕೇಳದ ಎರಡು ಮಾತು. ಪೊದೆಯಲ್ಲಿ ಏನೋ ಅಲುಗಿತೆಂದು ಸ್ಕೋಪಿನಿಂದ ಹುಡುಕಬೇಡಿ, ಅಲ್ಲಿರುವುದು ಮನುಷ್ಯನಾದರೆ ನೀವು ಅವನತ್ತ ಕೋವಿ ಹಿಡಿದಂತೆಯೇ. ಹುಡುಕಲು ಬೈನಾಕ್ಯುಲರ್ ಬೇರೆಯೇ ಇರಲಿ. ಎರಡನೆಯದಾಗಿ, ನೀವು ಎಚ್-1ಬಿಯಂಥ ವೀಸಾದಲ್ಲಿದ್ದರೆ ಫೆಡರಲ್ ಕಾನೂನು ಬಂದೂಕು ಇಟ್ಟುಕೊಳ್ಳುವುದನ್ನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಅದಕ್ಕಿರುವ ವಿನಾಯಿತಿಗಳಲ್ಲಿ ಬೇಟೆಯ ಪರವಾನಗಿಯೂ ಒಂದಾದ್ದರಿಂದ ಅದರ ಅವಧಿ ಮುಗಿಯದಂತೆ ನೋಡಿಕೊಳ್ಳಿ.

ಕೊಳ್ಳಲು ಹೋಗುವುದಾದರೆ ಸಂಜೆ ಹೋಗಿ. ಅಂಗಡಿಯೊಳಗಿನ ಟ್ಯೂಬ್‌ಲೈಟಿನಲ್ಲಿ ಎಲ್ಲ ಸ್ಕೋಪೂ ಸ್ಪಷ್ಟವಾಗಿಯೇ ಕಾಣುತ್ತದೆ. ರೈಫಲ್‌ಗೆ ಜೋಡಿಸದ ಎರಡು ಸ್ಕೋಪುಗಳನ್ನು ಬಾಗಿಲ ಬಳಿ ತರಿಸಿಕೊಂಡು, ಎರಡನ್ನೂ 6ಕ್ಕೆ ಇಟ್ಟು, ಹೊರಗೆ ನಿಂತ ಕಾರಿನಡಿಯ ಕತ್ತಲನ್ನು ಒಂದೊಂದರಲ್ಲಿ ನೋಡಿ. ಯಾವುದರಲ್ಲಿ ಟೈರಿನ ಹಿಂದಿನ ಒಣಗಿದ ಎಲೆ ಬಿಡಿಬಿಡಿಯಾಗಿ ಕಾಣುತ್ತದೋ ಅದನ್ನು ತನ್ನಿ.